ತೊಳೆಯದ ಗೋಪುರ

ತ್ಯಾಮಗೊಂಡ್ಲುವಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಳೆದ ಬೇಸಗೆಯಲ್ಲಿ ಒಂದು ಜಲಾಂತರ್ಗಾಮಿ ನೌಕೆ ಸಿದ್ಧವಾಯಿತು. ಮೊಮ್ಮಗನು ವಿಶಾಖಪಟ್ಟಣದ ಕಡಲತೀರದಲ್ಲಿ ‘ಕುರ್ಸುರಾ’ವನ್ನು ಕಂಡು ಬಂದಿದ್ದನು. 1969ರಲ್ಲಿ ನೌಕಾಪಡೆಯನ್ನು ಸೇರಿ 2001ರಲ್ಲಿ ನಿವೃತ್ತವಾದ ಆ ನೌಕೆ 2002ರಿಂದ ವಸ್ತುಸಂಗ್ರಹಾಲಯವಾಗಿದೆ. ಸುಮಾರು 91 ಮೀಟರ್ ಉದ್ದದ ಅದನ್ನು 350ರಲ್ಲಿ ಒಂದು ಪಾಲಿಗೆ ಇಳಿಸಿದರೆ 26 ಸೆಂಟಿಮೀಟರಿನ ಮಾದರಿ.

ಅದರ ಒಡಲಿನ ಎರಡು ಹೋಳುಗಳು ಪ್ಲಾಸ್ಟಿಕ್ಕಿನವು. ಮೇಲಿನ ಗೋಪುರವೂ ಹಿಂದಿನ ಮೂರು ಪ್ರೊಪೆಲ್ಲರುಗಳೂ ರೆಸಿನ್ ಎಂಬ ರಾಳದ ಎರಕದವು. ಹುಡುಗನು ಮೊದಲ ದಿನ ಏನನ್ನೂ ಅಂಟಿಸಲಿಲ್ಲ. ಭಾಗಗಳನ್ನು ಚೌಕಟ್ಟಿನಿಂದ ತುಸು ದೂರಕ್ಕೆ ಕತ್ತರಿಸಿ, ಉಳಿದ ತುಣುಕನ್ನು ಅಲಗಿನಿಂದ ಹೆರೆದು, ಒಂದೊಂದನ್ನೇ ಸಾಬೂನು ನೀರಿನಲ್ಲಿ ತೊಳೆಯುತ್ತ ಕುಳಿತನು. ನನಗೆ ತಾಳ್ಮೆ ತಪ್ಪಿತು. “ಹೊಸ ಸಾಮಾನಿಗೆ ಸ್ನಾನವೇಕಪ್ಪ? ಹಾಗೆಯೇ ಅಂಟಿಸು” ಎಂದೆನು. ತಾತನ ಮಾತನ್ನು ಮೀರಲಾರದೆ ಅವನು ಗೋಪುರವನ್ನು ತೊಳೆಯದೆ ಬಿಟ್ಟನು.

ಬಣ್ಣ ಒಣಗಿದ ಮೇಲೆ ಬೆರಳು ತಗುಲಿದೊಡನೆಯೇ ಗೋಪುರದ ಬಣ್ಣವು ಸಿಪ್ಪೆಯಂತೆ ಸುಲಿದು ಬಂದಿತು. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಸವರಿದ್ದ ಜಿಡ್ಡು ಅದರ ಮೇಲೆ ಉಳಿದುಕೊಂಡಿತ್ತು. ಹುಡುಗನು ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಮರುದಿನ ಅವನ ಬಳಿ ಶಿಷ್ಯನಾಗಿ ಕುಳಿತೆನು. ರಾಳದ ಧೂಳು ಶ್ವಾಸಕೋಶಕ್ಕೆ ಕೇಡು, ಆದುದರಿಂದ ಮುಸುಕು ಕಟ್ಟಿಕೊಂಡು ವಾಟರ್ ಪೇಪರನ್ನು ನೆನೆಸಿ ಉಜ್ಜಬೇಕು. ಬಾಗಿದ ಭಾಗವನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ ನೆಟ್ಟಗೆ ಮಾಡಿ ತಣ್ಣೀರಿಗೆ ಹಿಡಿಯಬೇಕು. ಪ್ಲಾಸ್ಟಿಕ್ಕಿನ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ರಾಳವನ್ನು ಅದು ಕರಗಿಸಲಾರದು, ಅದಕ್ಕೆ ಸೂಪರ್ ಗ್ಲೂ ಬೇಕು. ಇವೆಲ್ಲವನ್ನೂ ಅವನು ಬೇಸರವಿಲ್ಲದೆ ಹೇಳಿಕೊಟ್ಟನು.

ಮಠದಲ್ಲಿ ಓದುವಾಗ ತಾಳೆಗರಿಯ ಕಟ್ಟನ್ನು ಬಿಚ್ಚಿದೊಡನೆ ಓದತೊಡಗಲು ಗುರುಗಳು ಬಿಡುತ್ತಿರಲಿಲ್ಲ. ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆದು, ಮಸಿ ಸವರಿ ಒರೆಸಿದ ಮೇಲೆಯೇ ಕೊರೆದ ಅಕ್ಷರಗಳು ಕಣ್ಣಿಗೆ ಬೀಳುತ್ತಿದ್ದವು. ಈ ಪಾಠವನ್ನು ಎಷ್ಟೋ ವರ್ಷ ಇತರರಿಗೆ ಹೇಳಿದವನು ನಾನು. ಆದರೂ ಮಗುವಿನ ಕೈಯಲ್ಲಿ ಅದೇ ಶಿಸ್ತನ್ನು ಕಂಡಾಗ ಅದನ್ನು ಆಟವೆಂದು ಬಗೆದೆನು. ಮಕ್ಕಳ ನಿಧಾನವನ್ನು ನಾವು ಹಿರಿಯರು ಅದೆಷ್ಟು ಸಲ ಸೋಮಾರಿತನವೆಂದು ಗದರಿಸಿ ಕೆಡಿಸಿದ್ದೇವೆಯೋ!

ನೌಕೆಯೀಗ ನನ್ನ ಪುಸ್ತಕದ ಬೀರುವಿನ ಮೇಲಿದೆ. ದಸರಾ ರಜೆಗೆ ಇನ್ನೊಂದು ಪೆಟ್ಟಿಗೆ ಬಂದಿದೆ. “ತಾತ, ಈ ಸಲ ನೀವೇ ತೊಳೆಯುತ್ತೀರಾ?” ಎಂದು ಕೇಳಿದ್ದಾನೆ. ಒಪ್ಪಿದ್ದೇನೆ.