ನಾಲ್ಕಿಂಚು ಸಾಕು

ಸೇಡಂನಲ್ಲಿ ಮನೆ ಕಟ್ಟಿಸಿದ ಯಾರ ಹಿತ್ತಲಿಗೆ ಹೋದರೂ ಮಿಕ್ಕ ಫರಸಿಗಳು ಗೋಡೆಗೆ ಒರಗಿ ನಿಂತಿರುತ್ತವೆ. ಹೊರಗಿನವರು ಶಹಾಬಾದ್ ಕಲ್ಲು ಎಂದು ದುಡ್ಡು ಕೊಟ್ಟು ತರಿಸುವ ಈ ಕಲ್ಲು ನಮ್ಮಲ್ಲಿ ನೆಲಕ್ಕೂ ಆಯಿತು, ಮಾಳಿಗೆಗೂ ಆಯಿತು. ಅಡುಗೆಮನೆಯ ಕಟ್ಟೆ, ಕಪಾಟಿನ ಹಲಗೆ, ಹೊಲದ ಬೇಲಿ ಎಲ್ಲವೂ ಅದೇ. ಇಷ್ಟಿದ್ದೂ ಬಚ್ಚಲ ಮೂಲೆಗೆ ಒಂದು ಗೇಣಗಲದ ತುಂಡು ಬೇಕಾದರೆ ಮೇಸ್ತ್ರಿಯ ದಾರಿ ಕಾಯಬೇಕು. ತೊಗರಿ ರಾಶಿಯ ದಿನಗಳಲ್ಲಂತೂ ಮೇಸ್ತ್ರಿಗಿಂತ ಎಮ್ಮೆಲ್ಲೆ ಬೇಗ ಸಿಗುತ್ತಾರೆ. ನಿವೃತ್ತಿಯಾದ ಮೇಲೆ ಹಿತ್ತಲಿನ ಚಪ್ಪರದಡಿ ಸಣ್ಣದೊಂದು ಕಾರ್ಖಾನೆ ಹೂಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು. ಬಚ್ಚಲ ಮೂಲೆ ಅದಕ್ಕೆ ಒಳ್ಳೆಯ ನೆಪವಾಯಿತು.

ಅಂಗಡಿಯಲ್ಲಿ ಕಲ್ಲು ಕೊಯ್ಯುವ ಗ್ರೈಂಡರ್ ಕೇಳಿದರೆ ಸಾಲಾಗಿ ಜೋಡಿಸಿಟ್ಟರು: ನಾಲ್ಕಿಂಚು, ಐದಿಂಚು, ಏಳಿಂಚು. ಅಂಗಡಿಯವನ ಒಲವು ದೊಡ್ಡದರ ಮೇಲೆ. "ಏಳಿಂಚಿಂದೇ ಒಯ್ರಿ ಸರ, ಎಂಥಾ ಫರಸಿ ಇದ್ರೂ ಬೆಣ್ಣಿಹಂಗ ಕೊಯ್ತದ" ಅಂದ. ಎತ್ತಿ ನೋಡಿದೆ. ಎರಡೂ ಕೈ ಸೋತವು. ನಾಳೆ ಬರುತ್ತೇನೆಂದು ಹೇಳಿ ನೇರ ಕಾಕಾನ ಮನೆಗೆ ಹೋದೆ.

ನಮ್ಮ ಕಾಕಾ ಪ್ರಾಯದಲ್ಲಿ ಶಹಾಬಾದಿನ ಖಣಿಗಳಲ್ಲಿ ಕಲ್ಲು ಎಬ್ಬಿಸಿದವರು. ನನ್ನ ಮಾತು ಕೇಳಿ ನಕ್ಕರು. "ಫರಸಿ ಕೊಯ್ಯಾದು ಏನದ ಅದ್ರಾಗ? ಕಲ್ಲಿಗಿ ಗೆರಿ ತೋರ್ಸು. ಒಡಿಯಾದು ಅದರ ಕೆಲ್ಸ."

ನನ್ನ ಖರೀದಿಯನ್ನು ತೀರ್ಮಾನಿಸಿದ್ದು ಈ ಮಾತೇ. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದೇ ಭೀಮಾ ಕಣಿವೆಯ ಈ ಸುಣ್ಣಕಲ್ಲು. ಖಣಿಯಲ್ಲಿ ಪದರದ ಸಂದಿಗೆ ಹಾರೆ ತೂರಿಸಿ ಮೀಟಿದರೆ ಹಲಗೆ ಹಲಗೆಯಾಗಿಯೇ ಏಳುತ್ತದೆ. ಬೇರೆ ಊರುಗಳಲ್ಲಿ ಗ್ರಾನೈಟನ್ನು ತೆಳ್ಳಗೆ ಸೀಳಲು ಗರಗಸದ ದೊಡ್ಡ ಯಂತ್ರ ಬೇಕು. ನಮ್ಮ ಕಲ್ಲಿನ ದಪ್ಪವನ್ನು ಸಮುದ್ರವೇ ಅಳೆದುಕೊಟ್ಟಿದೆ. ಉಳಿದದ್ದು ಉದ್ದ, ಅಗಲ ಎರಡೇ. ಅದಕ್ಕೂ ಕಾಕಾನ ಕಾಲದವರು ಉಳಿಯಿಂದ ಒಂದು ಮಗ್ಗುಲಲ್ಲಿ ಗೆರೆ ಕೊರೆದು, ಕಲ್ಲು ಮಗುಚಿ, ಇನ್ನೊಂದು ಮಗ್ಗುಲಲ್ಲೂ ಕೊರೆದು, ಅಂಚಿಗೆ ಸುತ್ತಿಗೆಯಿಂದ ತಟ್ಟುತ್ತಿದ್ದರು. ಕಲ್ಲು ಗೆರೆಗುಂಟ ಬಿಡುತ್ತಿತ್ತು. ಗ್ರೈಂಡರ್ ಬಂದು ಕಿತ್ತುಕೊಂಡದ್ದು ಉಳಿಯ ಗೆರೆಯ ಕೆಲಸವನ್ನಷ್ಟೆ.

ಉಳಿಗೆ ನಮ್ಮ ಕಡೆ ವಯಸ್ಸೂ ದೊಡ್ಡದು. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ತೆಗೆದ ಶಾತವಾಹನರ ಕಾಲದ ಸ್ತೂಪದ ಫಲಕಗಳು ಸುಣ್ಣಕಲ್ಲಿನವು. 'ರಾಯ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪವೂ ಅಲ್ಲಿಯದೇ. ಪಕ್ಕದ ಸನ್ನತಿಯಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ವಿಗ್ರಹದ ಪೀಠವೇ ಅಶೋಕನ ಶಾಸನವೆಂದು ತಿಳಿಯಿತು. ಯಾವ ಕಾಲದ ಯಾವ ಮೇಸ್ತ್ರಿಯೋ, ವಿಗ್ರಹ ಕೂರಿಸಲು ಅಕ್ಷರಗಳ ನಡುವೆಯೇ ಕುಳಿ ಕೊರೆದಿದ್ದ. ಅಳತೆಗೆ ಬೇಕಾದಷ್ಟು ಕತ್ತರಿಸು, ಬರಹ ಗಿರಹ ಆಮೇಲೆ ನೋಡೋಣ ಎಂಬ ಕಸುಬಿನ ಧೈರ್ಯ ಅವತ್ತಿಗೂ ಇತ್ತು.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಚಿತ್ತಾಪುರ, ಸೇಡಂ ಅದೇ ಹಳಿಯ ಮೇಲಿವೆ. ಅಲ್ಲಿಂದ ಕಲ್ಲಿಗೆ ದೂರದ ಪೇಟೆಯ ದಾರಿ ಸಲೀಸಾಯಿತು. ಆಮೇಲೆ ಸಿಮೆಂಟಿನವರು ಬಂದರು. 1936ರಲ್ಲಿ ಎಸಿಸಿ ಹುಟ್ಟಿದಾಗ ಅದರಲ್ಲಿ ಬೆರೆತ ಕಂಪನಿಗಳಲ್ಲಿ ಶಹಾಬಾದಿನದೂ ಒಂದು. ಪದರ ಚೆನ್ನಾಗಿ ಬಿಡುವ ಕಲ್ಲು ಫರಸಿಯಾಗಿ ಹೋಗುತ್ತದೆ, ಉಳಿದದ್ದು ವಾಡಿಯಲ್ಲಿ ಪುಡಿಯಾಗಿ ಚೀಲ ಸೇರುತ್ತದೆ. ನಮ್ಮ ಮನೆಯಲ್ಲಿ ಎರಡೂ ಒಂದರ ಮೇಲೊಂದು ಕೂತಿವೆ.

ಗ್ರೈಂಡರ್ ಮಾತ್ರ ಪರದೇಶದ್ದು. 1954ರಲ್ಲಿ ಜರ್ಮನಿಯ ಆಕರ್ಮಾನ್ ಮತ್ತು ಶ್ಮಿಟ್ ಕಂಪನಿ ವೇಗದ ಆ್ಯಂಗಲ್ ಗ್ರೈಂಡರನ್ನು ಮೊದಲು ತಯಾರಿಸಿತು. ನಾಲ್ಕಿಂಚಿನದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಏಳಿಂಚಿನ ಸಾಮಾನ್ಯ ಕಟಿಂಗ್ ಡಿಸ್ಕ್ ತಾಳುವುದು 8,500 ಸುತ್ತನ್ನಷ್ಟೆ. ಡಿಸ್ಕಿಗೆ ಮರೆಯಾಗಿರುವ ಗಾರ್ಡ್ ಬಿಚ್ಚಿ ಸಣ್ಣ ಯಂತ್ರಕ್ಕೆ ದೊಡ್ಡ ಡಿಸ್ಕ್ ಸಿಕ್ಕಿಸುವ ಜಾಣರನ್ನು ಎಷ್ಟೋ ಕಡೆ ಕಂಡಿದ್ದೇನೆ. ಆ ಡಿಸ್ಕ್ ಚೂರಾದರೆ ಚೂರುಗಳು ರೈಲಿಗಿಂತ ವೇಗವಾಗಿ ಬರುತ್ತವೆ, ಬರುವುದು ಮುಖದ ಕಡೆಗೇ. ಕಬ್ಬಿಣ ಕೊಯ್ಯುವ ಅಂಟಿನ ಡಿಸ್ಕಿಗೆ ಆಯುಷ್ಯವೂ ಉಂಟು. ನಡುವಿನ ಲೋಹದ ಉಂಗುರದ ಮೇಲೆ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದನ್ನು ಓದಿ ಕೊಳ್ಳುವವರನ್ನು ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಮರುದಿನ ನಾಲ್ಕಿಂಚಿನದನ್ನೇ ತಂದೆ. ಇದರ ಬ್ಲೇಡು ಕಲ್ಲಿನೊಳಗೆ ಇಳಿಯುವುದು ಹೆಚ್ಚೆಂದರೆ ಒಂದಿಂಚು. ಗೆರೆ ತೋರಿಸಲು ಅಷ್ಟು ಧಾರಾಳವಾಯಿತು. ವ್ಯಾಟ್ ಎಷ್ಟೆಂದು ತಲೆ ಕೆಡಿಸಿಕೊಳ್ಳಲಿಲ್ಲ. ಸ್ವಿಚ್ ನೋಡಿದೆ. ಜಾರಿಸಿದರೆ ಹಾಗೇ ಕಚ್ಚಿ ನಿಲ್ಲುವುದು ಬೇಡ, ಹಿಡಿತ ಬಿಟ್ಟೊಡನೆ ಕರೆಂಟು ನಿಲ್ಲುವ ಪಟ್ಟಿ ಸ್ವಿಚ್ಚೇ ಬೇಕು ಅಂದೆ. ಕಲ್ಲಿಗೆ ಡೈಮಂಡ್ ಬ್ಲೇಡ್, ಕಿಟಕಿಯ ಸರಳಿಗೆ ತೆಳುವಾದ ಕಟಿಂಗ್ ಡಿಸ್ಕ್. ಚಿಂಚೋಳಿ ಕಡೆಯ ಕೆಂಪು ಜಂಬಿಟ್ಟಿಗೆ ಕೊಯ್ಯುವವರು ಬ್ಲೇಡಿಗೆ ಹೆಚ್ಚು ದುಡ್ಡು ತೆಗೆದಿಡಿ, ಆ ಕಲ್ಲು ಮೆತ್ತಗೆ ಕಂಡರೂ ಬ್ಲೇಡನ್ನು ಬೇಗ ಸವೆಸುತ್ತದೆ. ಧೂಳು ಮಾತ್ರ ಯಾವ ಕಲ್ಲಿನದಾದರೂ ಪುಪ್ಪಸಕ್ಕೆ ಕೆಟ್ಟದ್ದೇ. ಬಯಲಲ್ಲಿ ಕೂತು, ಗಾಳಿಗೆ ಬೆನ್ನು ಕೊಟ್ಟು, ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿ ಕೊಯ್ಯಬೇಕು. ಟವೆಲ್ ಸುತ್ತಿಕೊಂಡರೆ ನಡೆಯುತ್ತದೆ ಎನ್ನುವವರ ಮಾತು ಕೇಳಬೇಡಿ, ಅದರ ತುದಿ ಡಿಸ್ಕಿಗೆ ಸಿಕ್ಕರೆ ಕತ್ತನ್ನೇ ಎಳೆಯುತ್ತದೆ.

ಬಚ್ಚಲ ಮೂಲೆಗೆ ತುಂಡು ಕೂತಿದೆ. ನೀವೂ ಕೊಳ್ಳಲು ಹೊರಟಿದ್ದರೆ ನಾಲ್ಕಿಂಚಿನದೇ ಕೊಳ್ಳಿ. ಗಾರ್ಡ್ ಬಿಚ್ಚಿಟ್ಟ ಗ್ರೈಂಡರನ್ನು ಎಂಥ ಆಪ್ತರು ಕೈಗೆ ಕೊಟ್ಟರೂ ಮುಟ್ಟಬೇಡಿ.