ಇದು ಯಾರ ಲೆಕ್ಕ?

ಡಿಸೆಂಬರ್ 22 ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ. ಶಾಲೆಗಳಲ್ಲಿ ಅಂದು ಗಣಿತ ದಿನ. ಕಳೆದ ವರ್ಷ ಅದರ ಹಿಂದಿನ ಸಂಜೆ ಬಾಗಲಗುಂಟೆಯ ನಮ್ಮ ಮನೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಳನೇ ತರಗತಿಯ ಮೊಮ್ಮಗಳು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಹರಡಿಕೊಂಡು ಕೂತಿದ್ದಳು. ಶೀಟಿನ ನಡುವೆ ದೊಡ್ಡದಾಗಿ ಬರೆದಿದ್ದಳು:

152207 × 73 = 11111111

ಕೆಳಗೆ ಕೆಂಪು ಅಕ್ಷರದಲ್ಲಿ, 'ನಾನು ಕಂಡುಹಿಡಿದ ಮ್ಯಾಜಿಕ್ ಗುಣಾಕಾರ'.

"ನೀನೇ ಕಂಡುಹಿಡಿದೆಯಾ ಪುಟ್ಟಿ?"

"ಮೊಬೈಲ್‌ನಲ್ಲಿ ನೋಡಿದೆ ತಾತ. ಆದ್ರೆ ಗುಣಿಸಿ ನೋಡಿದ್ದು ನಾನೇ. ಎರಡು ಸಲ!"

ಗುಣಿಸಿ ನೋಡಿದ್ದಕ್ಕೆ ಶಭಾಷ್ ಅಂದೆ. ಯಾರು ಹೇಳಿದರೂ ಪರೀಕ್ಷಿಸದೆ ಒಪ್ಪಬಾರದು, ಅದು ಗಣಿತದವರ ಶಿಸ್ತು. ಆದರೆ ಈ ಲೆಕ್ಕ ಸಾವಿರ ವರ್ಷಕ್ಕೂ ಹಳೆಯದು. ಮಾನ್ಯಖೇಟದಿಂದ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಕೊರಳಿನ ಹಾರಕ್ಕೆ ಹೋಲಿಸಿದರು. 142857143ನ್ನು 7ರಿಂದ ಗುಣಿಸಿ ನೋಡಿ, ಇನ್ನೊಂದು ಹಾರ ಸಿಗುತ್ತದೆ.

ನನಗೆ ಹಾರಕ್ಕಿಂತ ಇಷ್ಟವಾಗುವುದು ಪುಸ್ತಕದ ಮೊದಲ ಮಾತುಗಳು. ಇದೆಲ್ಲ ನನ್ನದೇ ಎಂದು ಅವರು ಹೇಳಿಕೊಳ್ಳುವುದಿಲ್ಲ. ಹಿಂದಿನ ಜ್ಞಾನಿಗಳ ಸಹಾಯದಿಂದ, ಸಮುದ್ರದಿಂದ ರತ್ನ ಆರಿಸುವಂತೆ, ಸ್ವಲ್ಪ ಸಾರ ಎತ್ತಿಕೊಂಡಿದ್ದೇನೆ ಎನ್ನುತ್ತಾರೆ. ಹೆಸರೇ 'ಸಂಗ್ರಹ' ನೋಡಿ!

ಇನ್ನೊಬ್ಬರು ನಮ್ಮ ಕಾಲದವರೇ, ರಷ್ಯಾದ ಗ್ರಿಗೊರಿ ಪೆರೆಲ್ಮನ್. ನೂರು ವರ್ಷ ಯಾರಿಗೂ ಬಗೆಹರಿಯದಿದ್ದ ಒಂದು ಸಮಸ್ಯೆಯನ್ನು ಬಿಡಿಸಿದರು. 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಬಂತು. ಬೇಡ ಎಂದರು. ಅಮೆರಿಕದ ರಿಚರ್ಡ್ ಹ್ಯಾಮಿಲ್ಟನ್ ದಾರಿ ತೋರಿಸಿದ್ದರು, ಅವರ ಪಾಲು ನನ್ನದಕ್ಕಿಂತ ಕಡಿಮೆಯಲ್ಲ ಎಂಬುದು ಅವರು ಕೊಟ್ಟ ಒಂದು ಕಾರಣ.

"ಅಷ್ಟೊಂದು ದುಡ್ಡು ಬೇಡ ಅಂದ್ರಾ!" ಎಂದು ಮೊಮ್ಮಗಳು ಬಾಯಿ ಬಿಟ್ಟಳು. ನನಗೆ ಮಾತ್ರ ಒಳಗೆ ಮುಳ್ಳಾಡಿದಂತಾಯಿತು. ನಲವತ್ತು ವರ್ಷದಿಂದ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿಬಿಟ್ಟೆ.

ಆಗ ನಾನು ಹೊಸದಾಗಿ ಸೇರಿದ ಗಣಿತದ ಮೇಷ್ಟ್ರು. 48 × 52 ಎಷ್ಟು ಅಂತ ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗ "2496 ಸಾರ್" ಅಂದ. ಹೇಗೋ ಅಂದೆ. "ಎರಡರ ನಡುವೆ 50 ಇದೆ ಸಾರ್. ಐವತ್ತೈವತ್ತಲೆ 2500. ಆಕಡೆ ಈಕಡೆ ಎರಡೆರಡು ವ್ಯತ್ಯಾಸ. ಎರಡೆರಡಲೆ ನಾಲ್ಕು ಕಳೆದೆ." ಆ ಸೂತ್ರವನ್ನು ನಾನಿನ್ನೂ ಪಾಠ ಮಾಡಿರಲಿಲ್ಲ.

ಮುಂದಿನ ತಿಂಗಳು ಶಿಕ್ಷಕರ ತರಬೇತಿಯಲ್ಲಿ ಅದನ್ನೇ ತೋರಿಸಿದೆ. "ನಾನು ಮಕ್ಕಳಿಗೆ ಹೀಗೆ ಹೇಳಿಕೊಡುತ್ತೇನೆ" ಅಂದೆ. ಚಪ್ಪಾಳೆ ಬಿತ್ತು. ಹಿರಿಯರೊಬ್ಬರು ಬೆನ್ನು ತಟ್ಟಿದರು. ಹುಡುಗನ ಮಾತು ಎತ್ತಲೇ ಇಲ್ಲ.

"ಆದ್ರೆ ತಾತ, ಅದು ಬುಕ್ಕಲ್ಲೇ ಇರೋ ಸೂತ್ರ ಅಲ್ವಾ? ಅವನದೂ ಅಲ್ವಲ್ಲ?"

ಬುದ್ಧಿವಂತ ಪ್ರಶ್ನೆ. ನಾನೂ ಎಷ್ಟೋ ವರ್ಷ ಅದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡಿದ್ದೆ. ಸೂತ್ರ ಹಳೆಯದೇ. ಆದರೆ ಆ ಜಾಣತನ ನನ್ನದು ಅಂತ ಅಷ್ಟು ಜನರನ್ನು ನಂಬಿಸಿದ್ದು ನಾನು. ಎಲ್ಲಿಂದ ಬಂತು ಅಂತ ಹೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು.

"ಅವನ ಹೆಸರೇನು ತಾತ?"

ನೆನಪು ಮಾಡಿಕೊಂಡೆ. ಎರಡನೇ ಬೆಂಚು, ಕಿಟಕಿಯ ಪಕ್ಕ, ಗುಂಡಿ ಕಿತ್ತುಹೋದ ಅಂಗಿ. ಹೆಸರು ಬರಲಿಲ್ಲ.

ಅವಳು ಕೆಂಪು ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ 'ಮಹಾವೀರಾಚಾರ್ಯರ ಹಾರ' ಎಂದು ಬರೆದಳು. 'ಗುಣಿಸಿ ನೋಡಿದ್ದು ನಾನು' ಎಂದೂ ಸೇರಿಸಿದಳು, ಅದನ್ನು ಬಿಡಲು ಮನಸ್ಸಿರಲಿಲ್ಲ. ಮೂಲೆಯಲ್ಲಿ ಉಳಿದ ಜಾಗದಲ್ಲಿ 48 × 52ರ ಲೆಕ್ಕ ಬಿಡಿಸಿ, ಕೆಳಗೆ ಸಣ್ಣಕ್ಷರದಲ್ಲಿ ಬರೆದಳು: 'ಇದನ್ನು ನಮ್ಮ ತಾತನಿಗೆ ತೋರಿಸಿದ್ದು ಎಂಟನೇ ತರಗತಿಯ ಒಬ್ಬ ಹುಡುಗ.'