ಹೆಸರು ಹಿಡಿದು ಕರೆದಾಗ

ತರಗತಿಯಲ್ಲಿ ನಾವು ಕಲಿಯುವುದು ಪೈಥಾನ್. ರಜೆಯಲ್ಲಿ ಅಣ್ಣನ ಹಳೆಯ ಲ್ಯಾಪ್‌ಟಾಪ್ ಕೈಗೆ ಸಿಕ್ಕಿದ್ದರಿಂದ ನಾನು ಗೋ ಭಾಷೆಯನ್ನೂ ಸ್ವಲ್ಪ ಕಲಿತೆ. ಗೂಗಲ್‌ನಲ್ಲಿ ಹುಟ್ಟಿದ ಈ ಭಾಷೆ 2009ರಲ್ಲಿ ಎಲ್ಲರಿಗೂ ಸಿಗುವಂತಾಯಿತು.

ವಿಜ್ಞಾನ ಪ್ರದರ್ಶನಕ್ಕೆಂದು ಗೆಳತಿಯೂ ನಾನೂ ಸೇರಿ ಒಂದು ಪ್ರೋಗ್ರಾಂ ಬರೆದೆವು. ಆಕೃತಿಯ ಹೆಸರು ಟೈಪ್ ಮಾಡಿದರೆ ಅದರ ವಿಸ್ತೀರ್ಣ ಹೇಳಬೇಕು. ಒಂದು ಸ್ಟ್ರಕ್ಟ್, ಅದಕ್ಕೆ ಸೇರಿದ ಎಂಟು ಫಂಕ್ಷನ್‌ಗಳು. ಅವುಗಳನ್ನು ಬರೆದವಳು ನಾನು. ಟೈಪ್ ಮಾಡಿದ ಹೆಸರಿನಿಂದಲೇ ಫಂಕ್ಷನ್ ಕರೆಯುವ ಭಾಗ ಅವಳದು. ಇದಕ್ಕೆ ಗೋದಲ್ಲಿ ರಿಫ್ಲೆಕ್ಟ್ ಎಂಬ ಪ್ಯಾಕೇಜ್ ಇದೆ. ಓಡುತ್ತಿರುವ ಪ್ರೋಗ್ರಾಂ ತನ್ನೊಳಗೆ ಏನೇನಿದೆ ಎಂದು ತಾನೇ ನೋಡಿಕೊಳ್ಳುತ್ತದೆ. ‘ಮೆಥಡ್‌ಬೈನೇಮ್’ ಹೆಸರು ಹುಡುಕಿ ಕೊಡುತ್ತದೆ, ‘ಕಾಲ್’ ಅದನ್ನು ನಡೆಸುತ್ತದೆ.

ಪ್ರದರ್ಶನದ ಹಿಂದಿನ ದಿನ ಸರ್ ಎದುರು ತ್ರಿಕೋನದ ಹೆಸರು ಕೊಟ್ಟೆವು. ಪ್ರೋಗ್ರಾಂ ಪ್ಯಾನಿಕ್ ಆಗಿ ನಿಂತುಹೋಯಿತು. "ಕರೆಯುವ ಭಾಗ ಅವಳು ಬರೆದದ್ದು ಸರ್" ಎಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ.

ರಾತ್ರಿ ಕುಳಿತು ನೋಡಿದೆ. ಹೆಸರಿನ ಒಂದೊಂದು ಅಕ್ಷರವೂ ಸರಿಯಾಗಿತ್ತು. ಆದರೆ ತ್ರಿಕೋನದ ಫಂಕ್ಷನ್ ಒಂದಕ್ಕೆ ಮಾತ್ರ ನಾನು ಮೊದಲ ಅಕ್ಷರವನ್ನು ಸಣ್ಣದಾಗಿ ಬರೆದಿದ್ದೆ. ಗೋದಲ್ಲಿ ದೊಡ್ಡಕ್ಷರದಿಂದ ಶುರುವಾಗುವ ಹೆಸರು ಮಾತ್ರ ಪ್ಯಾಕೇಜಿನ ಹೊರಗೆ ಕಾಣುತ್ತದೆ. ಮನೆಯಲ್ಲಿ ಎಲ್ಲರೂ ನನ್ನನ್ನು ಮುನ್ನಿ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಆ ಹೆಸರು ಹುಡುಕಿದರೆ ಸಿಕ್ಕೀತೇ? ಇದೂ ಹಾಗೆಯೇ. ಹುಡುಕಿದ್ದು ಸಿಗದಿದ್ದರೆ ‘ಮೆಥಡ್‌ಬೈನೇಮ್’ ಖಾಲಿ ಬೆಲೆಯನ್ನು ಕೊಡುತ್ತದೆ. ಖಾಲಿಯನ್ನು ಕರೆದರೆ ಪ್ಯಾನಿಕ್. ತಪ್ಪು ನನ್ನದೇ ಆಗಿತ್ತು.

ಬೆಳಿಗ್ಗೆ ಅವಳ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವಳು, "ಸಿಗದಿದ್ದರೆ ಏನು ಮಾಡಬೇಕು ಅಂತ ನಾನೂ ಬರೆದಿರಲಿಲ್ಲ ಕಣೇ" ಎಂದಳು. ಕರೆಯುವ ಮೊದಲು ‘ಈಸ್‌ವ್ಯಾಲಿಡ್’ ಎಂದು ಪರೀಕ್ಷಿಸುವ ಸಾಲನ್ನು ಇಬ್ಬರೂ ಸೇರಿ ಹಾಕಿದೆವು. ಈಗ ತಪ್ಪು ಹೆಸರು ಕೊಟ್ಟರೆ ‘ಆ ಆಕೃತಿ ಇಲ್ಲ’ ಎಂದಷ್ಟೇ ಹೇಳುತ್ತದೆ.

ಸರ್ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. "ಎಂಟು ಫಂಕ್ಷನ್‌ಗೆ ಒಂದು ಮ್ಯಾಪ್ ಸಾಕಿತ್ತಲ್ಲಮ್ಮ. ಹೆಸರಿನ ಎದುರು ಫಂಕ್ಷನ್ ಇಟ್ಟರೆ ಕಂಪೈಲರ್ ಮೊದಲೇ ತಪ್ಪು ಹಿಡಿಯುತ್ತೆ. ರಿಫ್ಲೆಕ್ಷನ್‌ನಲ್ಲಿ ಓಡಿಸಿದ ಮೇಲೇ ಗೊತ್ತಾಗೋದು" ಎಂದರು.

ಮುಂದಿನ ಪ್ರೋಗ್ರಾಂಗೆ ಮ್ಯಾಪನ್ನೇ ಬಳಸುತ್ತೇವೆ. ಮತ್ತೆ ಏನಾದರೂ ನಿಂತುಹೋದರೆ ಗೆಳತಿಯ ಹೆಸರು ಹೇಳುವ ಮೊದಲು ನಾನು ಬರೆದ ಸಾಲುಗಳನ್ನು ಒಮ್ಮೆ ಓದುತ್ತೇನೆ.